ವಾಲುವುದು ಬೇರೆ, ಮುಳುಗುವುದು ಬೇರೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದನ್ನು ಕುರಿತು ಮಾತನಾಡುವುದು ವಾಡಿಕೆ. ಒಳಗೆ ಹೋಳಿಗೆ ಬೇಯುತ್ತಿರುವ ಹೊತ್ತಿನಲ್ಲಿ ಅಂಥ ಮಾತನ್ನಾಡಿ ನಿಮ್ಮೆಲ್ಲರ ಕೋಪಕ್ಕೆ ಗುರಿಯಾಗುವ ಇಚ್ಛೆ ನಮಗಿಲ್ಲ. ಆದ್ದರಿಂದ ಇಂದಿನ ವಿಷಯ ಹಾಯಿದೋಣಿ. ಅದನ್ನು ಹೇಗೆ ಕಟ್ಟುತ್ತಾರೆ, ಅದು ಹೇಗೆ ಚಲಿಸುತ್ತದೆ, ಅದನ್ನು ಕಂಡು ನಾವು ಎಲ್ಲಿ ಹೆದರಬೇಕು ಮತ್ತು ಎಲ್ಲಿ ಹೆದರಬೇಕಾಗಿಲ್ಲ ಎಂಬುದನ್ನು ಯಥಾಶಕ್ತಿ ನಿವೇದಿಸುತ್ತೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಾವು ನೆಲೆಸಿರುವುದು ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿ. ವಸಂತ ಕಾಲ ಬಂತೆಂದರೆ ಇಲ್ಲಿನ ಶಾಲೆಗಳಿಂದ ಮಕ್ಕಳು ಹಾಯಿದೋಣಿ ಶಿಬಿರದ ಅರ್ಜಿಗಳನ್ನು ಮನೆಗೆ ತರುತ್ತಾರೆ. ಆಮೇಲೆ ದೇವಸ್ಥಾನದ ಅಂಗಳದಲ್ಲೋ ಉಗಾದಿಯ ಊಟದ ಪಂಕ್ತಿಯಲ್ಲೋ ಒಬ್ಬ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು, "ಡಾಕ್ಟರೇ, ಮಗಳನ್ನು ಕಳಿಸಬಹುದೇ? ಆ ದೋಣಿಗಳು ಒಂದು ಕಡೆಗೆ ಪೂರ್ತಿ ವಾಲಿಕೊಂಡೇ ಹೋಗುತ್ತವಲ್ಲ!" ಎಂದು ಕೇಳುವುದುಂಟು. ಬಯಲುಸೀಮೆಯಿಂದ ಬಂದ ನಮ್ಮಲ್ಲಿ ಬಹಳ ಮಂದಿಗೆ ನೀರೆಂದರೆ ಊರ ಕೆರೆ ಅಥವಾ ತೋಟದ ಬಾವಿ. ಅದರ ಹತ್ತಿರ ಹೋಗಬೇಡವೆಂಬ ಹಿರಿಯರ ಗದರಿಕೆಯೇ ನಮ್ಮ ಜಲವಿದ್ಯೆಯ ಮೊದಲ ಪಾಠ, ಕೊನೆಯ ಪಾಠವೂ ಅದೇ. ಕರಾವಳಿಯಿಂದ ಬಂದ ಬಂಧುಗಳು ಇದಕ್ಕೆ ಅಪವಾದವೆಂದು ಒಪ್ಪುತ್ತೇವೆ. ಆ ತಾಯಿಯ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಹೌದು ಅಥವಾ ಬೇಡ ಎಂಬ ಒಂದು ಮಾತಿನ ಉತ್ತರ ಕೊಡುವುದು ಸುಲಭ. ಆದರೆ ದೋಣಿಯ ಶರೀರರಚನೆಯನ್ನೂ ಶರೀರಕ್ರಿಯೆಯನ್ನೂ ತಿಳಿಯದೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲ.

ಮೊದಲು ಶರೀರರಚನೆ. ಮರದ ದೋಣಿಯನ್ನು ಕಟ್ಟುವ ಕ್ರಮವನ್ನು ನೋಡಿದರೆ ವೈದ್ಯ ವಿದ್ಯಾರ್ಥಿಗೆ ಅಂಗರಚನಾ ಶಾಸ್ತ್ರದ ತರಗತಿಯೇ ನೆನಪಾಗುತ್ತದೆ. ಎಲ್ಲಕ್ಕಿಂತ ಮೊದಲು ನೆಲದ ಮೇಲೆ ಉದ್ದನೆಯ ಒಂದು ತೊಲೆಯನ್ನು ಮಲಗಿಸುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಕೀಲ್ ಎಂದು ಹೆಸರು. ಮೊಣಕಾಲಿನ ಕೀಲಿಗೂ ಇದಕ್ಕೂ ನಂಟಿಲ್ಲ. ಇದು ದೋಣಿಯ ಬೆನ್ನೆಲುಬು. ಅದರ ಮುಂದಿನ ತುದಿಯಲ್ಲಿ ಮೂತಿಯ ಕಂಬವನ್ನೂ ಹಿಂದಿನ ತುದಿಯಲ್ಲಿ ಹಿಂಗಂಬವನ್ನೂ ನಿಲ್ಲಿಸುತ್ತಾರೆ. ಬೆನ್ನೆಲುಬಿನ ಎರಡು ಕಡೆಗೂ ಬಾಗಿದ ಪಕ್ಕೆಲುಬುಗಳನ್ನು ಕೂರಿಸಿ, ಅವುಗಳ ಮೇಲೆ ಹಲಗೆಗಳನ್ನು ಚರ್ಮದಂತೆ ಹೊದಿಸುತ್ತಾರೆ. ಹಲಗೆಗಳ ನಡುವಣ ಸಂದುಗಳಿಗೆ ನಾರನ್ನೋ ಹತ್ತಿಯನ್ನೋ ತುರುಕಿ ಅಂಟು ಮೆತ್ತುತ್ತಾರೆ. ಮರ ನೀರು ಕುಡಿದು ಉಬ್ಬಿದಾಗ ಸಂದುಗಳು ಇನ್ನಷ್ಟು ಬಿಗಿಯಾಗುತ್ತವೆ. ಬಹಳ ದಿನ ದಡದಲ್ಲಿ ಒಣಗಿದ ಮರದ ದೋಣಿ ನೀರಿಗಿಳಿದ ಮೊದಲ ದಿನ ಸೋರುವುದೂ, ಕೆಲವು ದಿನಗಳಲ್ಲಿ ತಾನಾಗಿ ಸೋರಿಕೆ ಕಡಮೆಯಾಗುವುದೂ ಇದರಿಂದಲೇ.

ಇದು ಯೂರೋಪಿನ ಮತ್ತು ಅಮೆರಿಕದ ರೂಢಿ. ನಮ್ಮ ಪೂರ್ವಿಕರ ಕ್ರಮ ಬೇರೆ. ಅರಬ್ಬೀ ಸಮುದ್ರದ ದಂಡೆಯಲ್ಲಿ ಶತಮಾನಗಳ ಕಾಲ ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೊಳೆಯ ಹಂಗಿಲ್ಲದೆ ಹಡಗು ಕಟ್ಟುತ್ತಿದ್ದರು. ಇದು ಪುರಾಣವಲ್ಲ, ಕಣ್ಣಾರೆ ಕಾಣಬಹುದಾದ ಸಂಗತಿ. ಭಾರತದ ನೌಕಾದಳಕ್ಕಾಗಿ ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಬಡಗಿಗಳು ಗೋವೆಯಲ್ಲಿ ಹೊಲಿದು ಕಟ್ಟಿದ ಹಡಗು 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿತು. ಅದರ ಹೆಸರು ‘ಕೌಂಡಿನ್ಯ’. ಅಜಂತೆಯ ಗುಹೆಯಲ್ಲಿರುವ ಐದನೆಯ ಶತಮಾನದ ಒಂದು ಚಿತ್ರವೇ ಅದಕ್ಕೆ ಆಧಾರ. ಹಡಗಿನ ನಕ್ಷೆ ಯಾವುದೂ ಉಳಿದಿರಲಿಲ್ಲವಾದ್ದರಿಂದ ಚಿತ್ರವನ್ನು ನೋಡಿ ಆಕಾರವನ್ನು ಊಹಿಸಿ, ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ನೋಡಿದರು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆಯೆಂದರೆ ಕನ್ನಡಿಗರಾದ ನಮಗೆ ಬೇರೆ ವಿವರಣೆ ಬೇಕಿಲ್ಲ. ಆ ಹಡಗಿಗೆ ಯಂತ್ರವಿಲ್ಲ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು ಅದು ಮಸ್ಕತ್ ತಲುಪಿತು. ಆ ತಿಂಗಳುಗಳಲ್ಲಿ ಈಶಾನ್ಯದಿಂದ ಬೀಸುವ ಮಾರುತವೇ ಅದರ ಬಂಡವಾಳ.

ನಮ್ಮ ಚೆಸಪೀಕ್ ಕೊಲ್ಲಿಗೆ ತನ್ನದೇ ಆದ ದೋಣಿಯೊಂದಿದೆ. ಅದು ‘ಸ್ಕಿಪ್‌ಜ್ಯಾಕ್’, 1985ರಿಂದ ಮೇರಿಲ್ಯಾಂಡ್ ರಾಜ್ಯದ ಅಧಿಕೃತ ದೋಣಿ. ಕೊಲ್ಲಿಯ ತಳದಿಂದ ಆಯ್‌ಸ್ಟರ್ ಚಿಪ್ಪುಗಳನ್ನು ಬಾಚಲು ಹಾಯಿದೋಣಿಯನ್ನೇ ಬಳಸಬೇಕೆಂದು 1865ರಿಂದಲೇ ಇಲ್ಲಿ ಕಾನೂನಿತ್ತು. ಯಂತ್ರ ಬಂದರೆ ಚಿಪ್ಪಿನ ಸಂತತಿ ಉಳಿಯದೆಂಬ ಭಯ ಅದರ ಹಿಂದಿತ್ತು. ಕೊಲ್ಲಿಯ ಸರಾಸರಿ ಆಳ 21 ಅಡಿ ಮಾತ್ರ. ದಂಡೆಯ ಬಳಿ ಇನ್ನೂ ಕಡಮೆ. ಇಂಥ ನೀರಿನಲ್ಲಿ ಆಳವಾದ ಕೀಲ್ ಇರುವ ದೋಣಿ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಆದ್ದರಿಂದ ಸ್ಕಿಪ್‌ಜ್ಯಾಕಿನ ನಡುವೆ ಒಂದು ಸೀಳು ಮಾಡಿ, ಬೇಕಾದಾಗ ಕೆಳಗಿಳಿಸಿ ಬೇಡವಾದಾಗ ಮೇಲೆತ್ತುವ ಹಲಗೆಯನ್ನು ಇರಿಸಿದರು. ಈ ಹಲಗೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನಮ್ಮ ಕಥೆಯ ನಾಯಕ ಅದೇ.

ಎರಡನೆಯ ಮಹಾಯುದ್ಧದ ಬಳಿಕ ಮರದ ಜಾಗಕ್ಕೆ ಫೈಬರ್‌ಗ್ಲಾಸ್ ಬಂತು. ಒಂದು ಅಚ್ಚಿನ ಒಳಮೈಗೆ ಮೇಣ ಸವರಿ, ಹೊಳಪಿನ ಲೇಪ ಬಳಿದು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ದ್ರವರೂಪದ ರಾಳದಿಂದ ತೋಯಿಸುತ್ತಾರೆ. ರಾಳ ಗಟ್ಟಿಯಾದ ಮೇಲೆ ಅಚ್ಚಿನಿಂದ ದೋಣಿಯ ಒಡಲು ಇಡ್ಲಿಯಂತೆ ಬಿಟ್ಟುಕೊಂಡು ಬರುತ್ತದೆ. ಸಂದಿಲ್ಲ, ಸೋರಿಕೆಯಿಲ್ಲ, ಗೆದ್ದಲಿನ ಭಯವಿಲ್ಲ. 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ಬಂದ 28 ಅಡಿಯ ‘ಟ್ರೈಟನ್’ ಎಂಬ ದೋಣಿಯಿಂದ ಈಚೆಗೆ ಹಾಯಿದೋಣಿ ಮಧ್ಯಮ ವರ್ಗದವರ ಮನೆಯಂಗಳಕ್ಕೂ ಬಂತೆನ್ನಬಹುದು. ಹತ್ತಿಯ ಹಾಯಿಗೆ ಬದಲು ಪಾಲಿಯೆಸ್ಟರ್ ಹಾಯಿ, ಮರದ ಕಂಬಕ್ಕೆ ಬದಲು ಅಲ್ಯೂಮಿನಿಯಂ ಕಂಬ ಬಂದದ್ದೂ ಹೆಚ್ಚುಕಡಮೆ ಅದೇ ಕಾಲದಲ್ಲಿ.

ಈಗ ನಮ್ಮ ಮಕ್ಕಳು ಹತ್ತುವ ದೋಣಿಗೆ ಬರೋಣ. ಅದರ ಹೆಸರು ‘ಆಪ್ಟಿಮಿಸ್ಟ್’, ಎಂದರೆ ಆಶಾವಾದಿ. ಫ್ಲಾರಿಡಾದ ಕ್ಲಿಯರ್‌ವಾಟರಿನಲ್ಲಿ ಅದೇ ಹೆಸರಿನ ಸೇವಾ ಸಂಸ್ಥೆಯೊಂದಿತ್ತು. ಊರಿನ ಮಕ್ಕಳು ಕಡಮೆ ಖರ್ಚಿನಲ್ಲಿ ತಾವೇ ಕಟ್ಟಿಕೊಳ್ಳಬಹುದಾದ ಒಂದು ದೋಣಿ ಬೇಕೆಂಬ ಬೇಡಿಕೆ ಬಂದಾಗ, ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಬಡಗಿ 1947ರಲ್ಲಿ ಇದನ್ನು ರೂಪಿಸಿದರು. ಪ್ಲೈವುಡ್ ಅಂಗಡಿಯಲ್ಲಿ ಸಿಗುತ್ತಿದ್ದದ್ದು 8 ಅಡಿ ಉದ್ದ, 4 ಅಡಿ ಅಗಲದ ಹಲಗೆ. ಅಂಥ ಎರಡು ಹಲಗೆಗಳಲ್ಲಿ ದೋಣಿ ಮುಗಿಯಬೇಕಾಗಿತ್ತು. ಹೀಗಾಗಿ ಅದರ ಉದ್ದ 8 ಅಡಿಗಿಂತ ತುಸು ಕಡಮೆ. ಮೂತಿ ಚೂಪಾಗಿರದೆ ಹಿಟ್ಟು ನಾದುವ ಮರಿಗೆಯಂತೆ ಮೊಂಡಾಗಿದೆ. ಒಡಲಿನ ತೂಕ 35 ಕಿಲೋ. ಹಾಯಿಯ ವಿಸ್ತಾರ ಸುಮಾರು 35 ಚದರಡಿ. ನೋಡಲು ಚೆಲುವೆಯಲ್ಲದ ಈ ದೋಣಿ ಡೆನ್ಮಾರ್ಕಿಗೆ ಹೋಗಿ, ಅಲ್ಲಿಂದ ಜಗತ್ತನ್ನೆಲ್ಲ ಹಬ್ಬಿ, ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳ ಓಂ ನಾಮದ ದೋಣಿಯಾಗಿದೆ. ಇದರ ಸ್ಪರ್ಧೆಗಳು ಹದಿನೈದು ವರ್ಷದವರೆಗಿನ ಮಕ್ಕಳಿಗೆ ಮಾತ್ರ. ದೋಣಿಗೊಬ್ಬರೇ ನಾವಿಕರು, ಆ ನಾವಿಕರಿಗೆ ಕೆಲವೊಮ್ಮೆ ಎಂಟೇ ವರ್ಷ!

ಇನ್ನು ಶರೀರಕ್ರಿಯೆ. "ಗಾಳಿ ಬಂದಾಗ ತೂರಿಕೋ" ಎಂಬುದು ನಮ್ಮ ರೈತರ ಗಾದೆ. ಗಾಳಿ ಬೀಸಿದ ಕಡೆಗೆ ಹೊಟ್ಟು ಹಾರುವಂತೆ ಹಾಯಿದೋಣಿಯೂ ಗಾಳಿ ತಳ್ಳಿದ ಕಡೆಗೆ ಹೋಗುತ್ತದೆಂಬುದು ಸಾಮಾನ್ಯ ಕಲ್ಪನೆ. ಕೌಂಡಿನ್ಯದಂಥ ಚೌಕ ಹಾಯಿಯ ಹಡಗಿನ ಮಟ್ಟಿಗೆ ಇದು ಬಹುಪಾಲು ನಿಜ. ಹಿಂದಿನಿಂದಲೋ ಓರೆಯಿಂದಲೋ ಗಾಳಿ ಬರುವ ಋತುವನ್ನು ಕಾದು ಅದು ಹೊರಡಬೇಕು. ಆದರೆ ಆಪ್ಟಿಮಿಸ್ಟಿನಲ್ಲಿ ಕುಳಿತ ಎಂಟು ವರ್ಷದ ಹುಡುಗಿ ಗಾಳಿ ಬರುವ ದಿಕ್ಕಿನತ್ತಲೇ ಓರೆಯಾಗಿ ಸಾಗಬಲ್ಲಳು. ಗಾಳಿಯನ್ನು ಬಳಸಿಕೊಂಡು ಗಾಳಿಗೆ ಎದುರಾಗಿ ಹೋಗುವುದು ಮೊದಲ ನೋಟಕ್ಕೆ ಇಂದ್ರಜಾಲದಂತೆ ತೋರುತ್ತದೆ. ಅದರ ಗುಟ್ಟು ಎರಡು ಭಾಗಗಳಲ್ಲಿದೆ: ಒಂದು ಮೇಲಿದೆ, ಕಾಣುತ್ತದೆ, ಇನ್ನೊಂದು ಕೆಳಗಿದೆ, ಕಾಣುವುದಿಲ್ಲ.

ಮೇಲಿನದು ಹಾಯಿ. ಹಾಯಿಯ ಬಟ್ಟೆಯನ್ನು ಚಪ್ಪಟೆಯಾಗಿ ಹೊಲಿಯುವುದಿಲ್ಲ; ಗಾಳಿ ತುಂಬಿದಾಗ ಹದ್ದಿನ ರೆಕ್ಕೆಯಂತೆ ಬಾಗುವ ಹಾಗೆ ಕತ್ತರಿಸಿ ಹೊಲಿಯುತ್ತಾರೆ. ಗಾಳಿ ಈ ಬಾಗಿದ ಮೈಯ ಎರಡು ಕಡೆಗೂ ಹರಿದು, ತನ್ನ ದಿಕ್ಕನ್ನು ಬದಲಿಸುತ್ತದೆ. ಗಾಳಿಯನ್ನು ಹಾಯಿ ಒಂದು ಕಡೆಗೆ ತಿರುಗಿಸಿದರೆ, ಗಾಳಿ ಹಾಯಿಯನ್ನು ಇನ್ನೊಂದು ಕಡೆಗೆ ನೂಕಲೇಬೇಕು. ಹಾಯಿಯ ಉಬ್ಬಿದ ಹೊರಮೈಯಲ್ಲಿ ಒತ್ತಡ ಇಳಿಯುತ್ತದೆ, ಒಳಮೈಯಲ್ಲಿ ಏರುತ್ತದೆ. ವಿಮಾನದ ರೆಕ್ಕೆಯನ್ನು ಮೇಲಕ್ಕೆತ್ತುವ ಬಲವೂ ಇದೇ. ಇಲ್ಲಿ ರೆಕ್ಕೆಯನ್ನು ಲಂಬವಾಗಿ ನಿಲ್ಲಿಸಿರುವುದರಿಂದ ಬಲ ಮೇಲಕ್ಕಲ್ಲ, ಪಕ್ಕಕ್ಕೂ ತುಸು ಮುಂದಕ್ಕೂ ಎಳೆಯುತ್ತದೆ. ಪಕ್ಕಕ್ಕೆ ಎಳೆಯುವುದೇ ಹೆಚ್ಚು, ಮುಂದಕ್ಕೆ ಎಳೆಯುವುದು ಸ್ವಲ್ಪ. ಇಷ್ಟೇ ಆಗಿದ್ದರೆ ದೋಣಿ ಪಕ್ಕಕ್ಕೆ ಜಾರಿಕೊಂಡು ಹೋಗಿ ದಡ ಸೇರುತ್ತಿತ್ತು.

ಇಲ್ಲಿ ನಮ್ಮ ನಾಯಕ ಪ್ರವೇಶಿಸುತ್ತಾನೆ. ದೋಣಿಯ ನಡುವಿನ ಸೀಳಿನಲ್ಲಿ ಕೆಳಗಿಳಿಸಿದ ಆ ಹಲಗೆ ನೀರನ್ನು ಅಡ್ಡವಾಗಿ ಹಿಡಿದು ನಿಲ್ಲುತ್ತದೆ. ಮುಂದಕ್ಕೆ ಹೋಗುವಾಗ ಅದು ಚೂರಿಯ ಅಲಗಿನಂತೆ ನೀರನ್ನು ಸೀಳುತ್ತದೆ. ಪಕ್ಕಕ್ಕೆ ಜಾರಬೇಕೆಂದರೆ ಗೋಡೆಯಂತೆ ತಡೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಆದ್ದರಿಂದಲೇ ದೊಡ್ಡ ಹಾಯಿಯನ್ನು ಎದುರಿಸಲು ನೀರಿನಲ್ಲಿ ಸಣ್ಣ ಹಲಗೆ ಸಾಕಾಗುತ್ತದೆ. ಪಕ್ಕಕ್ಕೆ ಎಳೆಯುವ ಬಲವನ್ನು ಈ ಹಲಗೆ ರದ್ದುಮಾಡಿದ ಮೇಲೆ ಉಳಿಯುವುದು ಮುಂದಕ್ಕೆ ಎಳೆಯುವ ಸ್ವಲ್ಪ ಬಲ. ದೋಣಿಯನ್ನು ನಡೆಸಲು ಅಷ್ಟೇ ಸಾಕು.

ಒದ್ದೆಯಾದ ಹಲಸಿನ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಿ. ಬೆರಳುಗಳು ಒತ್ತುವುದು ಎರಡು ಪಕ್ಕಗಳಿಂದ. ಬೀಜ ಚಿಮ್ಮುವುದು ಮುಂದಕ್ಕೆ. ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು, ದೋಣಿಯೇ ಬೀಜ. ಇನ್ನೊಂದು ಉದಾಹರಣೆ ಬೇಕಾದರೆ ಆಷಾಢದ ಗಾಳಿಪಟವನ್ನು ನೆನೆಯಿರಿ. ದಾರ ಇರುವವರೆಗೆ ಪಟ ಏರುತ್ತದೆ. ದಾರ ಕಡಿದರೆ ಗಾಳಿ ಎಷ್ಟೇ ಇದ್ದರೂ ತೇಲಿಕೊಂಡು ಹೋಗಿ ಯಾರದೋ ಹುಣಸೆಮರಕ್ಕೆ ಸಿಕ್ಕಿಕೊಳ್ಳುತ್ತದೆ. ಪಟವನ್ನು ಏರಿಸಲು ಗಾಳಿಯೊಂದೇ ಸಾಲದು, ಹಿಡಿದು ನಿಲ್ಲಿಸುವ ದಾರವೂ ಬೇಕು. ನೀರಿನೊಳಗಿನ ಹಲಗೆ ದೋಣಿಯ ದಾರ.

ಹಾಗಿದ್ದರೂ ಗಾಳಿಯ ಮುಖಕ್ಕೆ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಗಾಳಿ ಬರುವ ದಿಕ್ಕಿಗೆ ಎಡಬಲಗಳಲ್ಲಿ ಸುಮಾರು 45 ಡಿಗ್ರಿಯೊಳಗೆ ಹೋದರೆ ಹಾಯಿ ಒಣಹಾಕಿದ ಪಂಚೆಯಂತೆ ಪಟಪಟನೆ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ. ಆದ್ದರಿಂದ ನಾವಿಕರು ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತಾರೆ. ಆಗುಂಬೆ ಘಟ್ಟವನ್ನು ಬಸ್ಸು ನೇರವಾಗಿ ಹತ್ತುವುದಿಲ್ಲ. ಹದಿನಾಲ್ಕು ತಿರುವುಗಳನ್ನು ಸುತ್ತಿ ಹತ್ತುತ್ತದೆ. ಇದೂ ಹಾಗೆಯೇ. ಒಂದು ಮೈಲಿ ದೂರದ ಗುರಿಗೆ ಸುಮಾರು 1.4 ಮೈಲಿ ಸುತ್ತಬೇಕಾದೀತು, ಆದರೂ ತಲುಪುವುದು ಖಚಿತ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ದೋಣಿ ವಾಲುವುದೇಕೆ? ಗಾಳಿ ನೂಕುವುದು ಮೇಲೆ, ಹಾಯಿಯ ನಡುವಿನಲ್ಲಿ. ನೀರು ತಡೆಯುವುದು ಕೆಳಗೆ, ಹಲಗೆಯ ನಡುವಿನಲ್ಲಿ. ಮೇಲೊಂದು ಕಡೆಗೆ ನೂಕಿ ಕೆಳಗೆ ಹಿಡಿದು ನಿಲ್ಲಿಸಿದರೆ ಯಾವ ವಸ್ತುವಾದರೂ ವಾಲಲೇಬೇಕು. ಎಂದರೆ ವಾಲುವುದು ದೋಣಿ ಕೆಟ್ಟಿದ್ದರ ಗುರುತಲ್ಲ, ಕೆಲಸ ಮಾಡುತ್ತಿರುವುದರ ಗುರುತು. ಮೆಟ್ಟಿಲು ಹತ್ತಿದವರ ನಾಡಿಬಡಿತ ಏರುವುದನ್ನು ನಾವು ಕಾಯಿಲೆಯೆಂದು ಕರೆಯುವುದಿಲ್ಲ. ಏರದೆ ಹೋದರೆ ಚಿಂತಿಸುತ್ತೇವೆ. ಹಾಗೆಯೇ ಇದು ಕೂಡ.

ವಾಲಿದ ದೋಣಿಯನ್ನು ನೆಟ್ಟಗಾಗಿಸುವ ಶಕ್ತಿ ದೋಣಿಯೊಳಗೇ ಇದೆ. ದೊಡ್ಡ ಹಾಯಿದೋಣಿಗಳಲ್ಲಿ ಕೀಲಿನ ಅಡಿಗೆ ಸೀಸವನ್ನೋ ಎರಕದ ಕಬ್ಬಿಣವನ್ನೋ ಬಿಗಿದಿರುತ್ತಾರೆ; ದೂರಪ್ರಯಾಣದ ದೋಣಿಗಳಲ್ಲಿ ಒಟ್ಟು ತೂಕದ ಮೂರರಲ್ಲಿ ಒಂದು ಪಾಲಿನಷ್ಟು ಈ ಅಡಿಭಾರವೇ ಇರುವುದುಂಟು. ದೋಣಿ ವಾಲಿದಷ್ಟೂ ಈ ಭಾರ ಪಕ್ಕಕ್ಕೆ ಎತ್ತಲ್ಪಟ್ಟು, ಅಷ್ಟೂ ಬಲವಾಗಿ ಕೆಳಕ್ಕೆ ಜಗ್ಗುತ್ತದೆ. ಅತ್ತ ವಾಲಿದ ಹಾಯಿಗೆ ಗಾಳಿ ಸಿಗುವುದು ಕಡಮೆಯಾಗುತ್ತದೆ. ನೂಕುವ ಕೈ ಸಡಿಲವಾಗುತ್ತ, ಎತ್ತುವ ಕೈ ಬಿಗಿಯಾಗುತ್ತ ಹೋಗುವುದರಿಂದ ಒಂದು ಹಂತದಲ್ಲಿ ಎರಡೂ ಸರಿಸಮವಾಗಿ ದೋಣಿ ಅಲ್ಲೇ ನಿಲ್ಲುತ್ತದೆ. ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ತಂಜಾವೂರಿನ ಬೊಂಬೆಯನ್ನು ಬೆರಳಿನಿಂದ ತಳ್ಳಿದ ನೆನಪಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಪ್ಟಿಮಿಸ್ಟಿಗೆ ಈ ಅಡಿಭಾರವಿಲ್ಲ. ಅಲ್ಲಿ ಮಗುವಿನ ಮೈಯೇ ಭಾರ. ದೋಣಿ ಒಂದು ಕಡೆಗೆ ವಾಲಿದರೆ ಮಗು ಇನ್ನೊಂದು ಅಂಚಿಗೆ ಸರಿದು, ಬೆನ್ನನ್ನು ಹೊರಗೆ ಚಾಚಿ ಸಮತೋಲ ಮಾಡುತ್ತದೆ. ಗಾಳಿ ಜೋರಾದರೆ ಕೈಯಲ್ಲಿರುವ ಹಾಯಿಯ ಹಗ್ಗವನ್ನು ಬಿಟ್ಟರೆ ಸಾಕು, ಹಾಯಿ ಬರಿದಾಗಿ ದೋಣಿ ನೆಟ್ಟಗಾಗುತ್ತದೆ. ಕಾರಿನಲ್ಲಿ ಬ್ರೇಕನ್ನು ತುಳಿಯಬೇಕು. ಇಲ್ಲಿ ಹಿಡಿದದ್ದನ್ನು ಬಿಡಬೇಕು. ಇದೆಲ್ಲ ಮಾಡಿಯೂ ದೋಣಿ ಮಗುಚುವುದುಂಟು, ಅದರಲ್ಲಿ ಸಂದೇಹ ಬೇಡ. ಆದರೆ ಅದರೊಳಗೆ ಗಾಳಿ ತುಂಬಿದ ಮೂರು ಚೀಲಗಳನ್ನು ಕಟ್ಟಿರುತ್ತಾರೆ. ಮಗುಚಿದ ದೋಣಿ ಮುಳುಗದೆ ತೇಲುತ್ತದೆ. ನೀರಿನಿಂದ ಮೇಲೆ ಬಂದ ಹಲಗೆಯ ತುದಿಗೆ ಮಗು ತನ್ನ ತೂಕ ಹಾಕಿ ಜಗ್ಗಿದರೆ ದೋಣಿ ಮತ್ತೆ ಎದ್ದು ನಿಲ್ಲುತ್ತದೆ. ಒಳ್ಳೆಯ ಶಿಬಿರಗಳಲ್ಲಿ ಆರಂಭದಲ್ಲೇ ದಡದ ಹತ್ತಿರ, ಬೇಕೆಂದೇ ದೋಣಿಯನ್ನು ಮಗುಚಿಸಿ ಎತ್ತುವುದನ್ನು ಕಲಿಸುತ್ತಾರೆ. ಬೀಳುವುದನ್ನು ಮೊದಲು ಕಲಿಸಿ ಆಮೇಲೆ ಸಾಗುವುದನ್ನು ಕಲಿಸುವ ವಿದ್ಯೆ ಇದು.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಅದು ವಾಲುವುದರಲ್ಲಿಲ್ಲ, ಬೇರೆ ಕಡೆ ಇದೆ. ಇದನ್ನು ಹೇಳಲೆಂದೇ ನಾವು ಇಷ್ಟು ಹೊತ್ತು ದೋಣಿಯ ಅಂಗಾಂಗಗಳನ್ನು ಬಿಚ್ಚಿಟ್ಟದ್ದು.

ಮೊದಲನೆಯ ಅಪಾಯ ತಣ್ಣೀರು. ಏಪ್ರಿಲ್ ತಿಂಗಳಲ್ಲಿ ಹೊರಗೆ 70 ಡಿಗ್ರಿ ಬಿಸಿಲಿದ್ದರೂ ಕೊಲ್ಲಿಯ ನೀರು 50 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರಬಹುದು. ಅಂಥ ನೀರಿಗೆ ಹಠಾತ್ತನೆ ಬಿದ್ದವರು ತಮಗರಿವಿಲ್ಲದೆ ಏದುಸಿರು ಎಳೆಯುತ್ತಾರೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವರೂ ಮುಳುಗಬಹುದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗೋರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು ಒಂದು, ಹತ್ತು, ಒಂದು ಎಂಬ ಸೂತ್ರದಲ್ಲಿ ಕಲಿಸುತ್ತಾರೆ. ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲುಗಳು ಉಪಯೋಗಕ್ಕೆ ಬರುವುದು ಹತ್ತು ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಚಳಿಯಿಂದ ಸಾಯುವುದಕ್ಕೆ ಒಂದು ಗಂಟೆ ಹಿಡಿದರೂ, ಮೊದಲ ನಿಮಿಷದಲ್ಲೇ ಮುಳುಗಿ ಸಾಯುವುದು ಸಾಧ್ಯ. ಆ ಮೊದಲ ನಿಮಿಷವನ್ನು ದಾಟಿಸುವ ಸಾಧನ ಒಂದೇ: ಮೈಮೇಲೆ ಕಟ್ಟಿಕೊಂಡ ಜೀವರಕ್ಷಕ ಅಂಗಿ, ಎಂದರೆ ಲೈಫ್ ಜ್ಯಾಕೆಟ್.

ಈ ಮಾತಿಗೆ ಅಂಕಿಸಂಖ್ಯೆಗಳ ಆಧಾರವಿದೆ. ಅಮೆರಿಕದ ಕರಾವಳಿ ಕಾವಲು ಪಡೆಯ ವರದಿಯಂತೆ 2023ರಲ್ಲಿ ಈ ದೇಶದಲ್ಲಿ ವಿಹಾರದ ದೋಣಿಗಳ ಅಪಘಾತಗಳಲ್ಲಿ 564 ಮಂದಿ ತೀರಿಕೊಂಡರು. ಇದರಲ್ಲಿ ಯಂತ್ರದ ದೋಣಿ, ಹುಟ್ಟಿನ ದೋಣಿ ಎಲ್ಲವೂ ಸೇರಿವೆ. ಕಾರಣ ಗೊತ್ತಾದವರಲ್ಲಿ ನೂರಕ್ಕೆ 75 ಮಂದಿ ಮುಳುಗಿ ಸತ್ತವರು. ಹಾಗೆ ಮುಳುಗಿದವರ ಪೈಕಿ ಜೀವರಕ್ಷಕ ಅಂಗಿಯ ಮಾಹಿತಿ ದೊರೆತವರಲ್ಲಿ ನೂರಕ್ಕೆ 87 ಮಂದಿ ಅದನ್ನು ತೊಟ್ಟಿರಲಿಲ್ಲ. ದೋಣಿಯ ಪೆಟ್ಟಿಗೆಯಲ್ಲಿ ಅಂಗಿ ಮಡಿಸಿ ಇಟ್ಟಿದ್ದರೆ ಪ್ರಯೋಜನವಿಲ್ಲ. ಸೀಸೆಯಲ್ಲೇ ಉಳಿದ ಮಾತ್ರೆ ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ಹದಿಮೂರು ವರ್ಷಕ್ಕಿಂತ ಕಿರಿಯ ಮಕ್ಕಳು ಚಲಿಸುವ ದೋಣಿಯ ತೆರೆದ ಭಾಗದಲ್ಲಿದ್ದಾಗ ಅದನ್ನು ತೊಡಬೇಕೆಂದು ಒಕ್ಕೂಟದ ನಿಯಮವಿದೆ. ಹೀಗಾಗಿ ಮಕ್ಕಳಿಗೆ ನಾವು ತೊಡಿಸುತ್ತೇವೆ. ತೊಡದೆ ಹೋಗುವವರು ಮಕ್ಕಳ ತಂದೆಯರು, ವಿಶ್ವವಿದ್ಯಾಲಯಗಳಿಗೆ ಊರಿನಿಂದ ಹೊಸದಾಗಿ ಬಂದ ತರುಣರು, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದ ನಮ್ಮ ವೃದ್ಧ ತಂದೆತಾಯಿಗಳು. ಭಾರತದಿಂದ ಬಂದ ವಿದ್ಯಾರ್ಥಿಯೊಬ್ಬ ಕೆರೆಯಲ್ಲೋ ಜಲಪಾತದಲ್ಲೋ ಮುಳುಗಿದ ಸುದ್ದಿಯನ್ನು ನಾವು ಬೇಸಿಗೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಆ ಹುಡುಗರ ಮನೆಗೆ ಯಾರೋ ಒಬ್ಬರು ದೂರವಾಣಿ ಮಾಡಿ ತಿಳಿಸಬೇಕಾಗುತ್ತದೆ. ಅಂಥ ಕರೆ ಇನ್ನೊಂದು ಕಡಮೆಯಾದರೆ ಈ ಉಪನ್ಯಾಸ ಸಾರ್ಥಕ.

ಎರಡನೆಯ ಅಪಾಯ ಮೋಸದ ನೆಮ್ಮದಿ. ಗಾಳಿ ಹಿಂದಿನಿಂದ ಬೀಸುವಾಗ ದೋಣಿ ವಾಲುವುದಿಲ್ಲ. ಎಲ್ಲವೂ ಶಾಂತವಾಗಿ ಕಾಣುತ್ತದೆ. ಗಾಳಿಯ ವೇಗ 12 ನಾಟ್, ದೋಣಿಯ ವೇಗ 5 ನಾಟ್ ಇದ್ದರೆ ದೋಣಿಯಲ್ಲಿ ಕುಳಿತವರಿಗೆ ತಾಕುವುದು 7 ನಾಟ್ ಗಾಳಿ ಮಾತ್ರ. ಹಿಂದಿರುಗಲು ಗಾಳಿಗೆ ಎದುರಾದ ಕೂಡಲೇ ಅದೇ ಗಾಳಿ 15, 16 ನಾಟ್ ಆಗಿ ಮುಖಕ್ಕೆ ಬಡಿಯುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ನೂಕುವ ಬಲ ನಾಲ್ಮಡಿಯಾಗುತ್ತದೆ. ಹೋಗುವಾಗ ಸುಲಭವಾಗಿದ್ದ ದಾರಿ ಬರುವಾಗ ಕಠಿಣವಾಗುವುದು ಹೀಗೆ. ಇದಲ್ಲದೆ, ಹಿಂಗಾಳಿಯಲ್ಲಿ ದೋಣಿ ತುಸು ತಪ್ಪು ಕಡೆಗೆ ತಿರುಗಿದರೆ ಹಾಯಿಯ ಬುಡದಲ್ಲಿರುವ ಅಡ್ಡಗಂಬ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ರಭಸದಿಂದ ಬೀಸಿಬರುತ್ತದೆ. ಅದು ತಲೆಗೆ ತಾಗಿದರೆ ಮೆದುಳಿಗೆ ಪೆಟ್ಟಾಗಬಹುದು. ವಾಲಿದ ದೋಣಿಯಲ್ಲಿ ಎಲ್ಲರೂ ಎಚ್ಚರದಿಂದಿರುತ್ತಾರೆ. ವಾಲದ ದೋಣಿಯಲ್ಲಿ ಮೈಮರೆಯುತ್ತಾರೆ. ಚಿಕಿತ್ಸಾಲಯದಲ್ಲೂ ಇದೇ ಪಾಠ: ನೋಯುವ ಕಾಯಿಲೆಯವರು ಬೇಗ ಬರುತ್ತಾರೆ, ನೋಯದ ಕಾಯಿಲೆಯವರು ತಡವಾಗಿ ಬರುತ್ತಾರೆ. ರಕ್ತದೊತ್ತಡದ ಮಾತು ಆಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇವೆ.

ಮೂರನೆಯದು, ದೋಣಿಯನ್ನು ಬಿಟ್ಟು ಈಜುವ ಆತುರ. ಮಗುಚಿದ ದೋಣಿ ತೇಲುತ್ತದೆ, ದೂರದಿಂದ ಕಾಣುತ್ತದೆ. ನೀರಿನಲ್ಲಿ ಒಂಟಿ ತಲೆ ಕಾಣುವುದಿಲ್ಲ. ದಡ ಹತ್ತಿರವೇ ಇದೆಯೆಂದು ತೋರಿದರೂ ದೋಣಿಯನ್ನು ಹಿಡಿದೇ ಇರಬೇಕು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದು ಅಪರೂಪ. ಉಸಿರಿಗೇ ಹೋರಾಡುವವರಿಗೆ ಕೂಗಲು ಉಸಿರೆಲ್ಲಿ? ಮೌನವಾಗಿ ಮುಳುಗುತ್ತಾರೆ. ದಡದಲ್ಲಿ ಮಕ್ಕಳನ್ನು ಕಾಯುವವರು ಕೂಗಿಗೆ ಕಾಯದೆ, ಕಣ್ಣಿಟ್ಟು ನೋಡುತ್ತಿರಬೇಕು.

ಆದ್ದರಿಂದ ಆ ತಾಯಿಗೆ ನಮ್ಮ ಉತ್ತರ ಹೀಗೆ. ಮೊದಲು ಮಗಳಿಗೆ ಈಜು ಕಲಿಸಿ. ಅನಂತರ ಶಿಬಿರದವರನ್ನು ನಾಲ್ಕು ಪ್ರಶ್ನೆ ಕೇಳಿ. ಮಗುವಿನ ತೂಕಕ್ಕೆ ಹೊಂದುವ, ಕರಾವಳಿ ಕಾವಲು ಪಡೆಯ ಮನ್ನಣೆಯಿರುವ ಜೀವರಕ್ಷಕ ಅಂಗಿ ತೊಡಿಸುತ್ತಾರೆಯೇ? ಮಕ್ಕಳ ದೋಣಿಗಳ ಹಿಂದೆ ಯಂತ್ರದ ರಕ್ಷಣಾ ದೋಣಿ ಸದಾ ಇರುತ್ತದೆಯೇ? ದೋಣಿ ಮಗುಚಿ ಎತ್ತುವ ಅಭ್ಯಾಸವನ್ನು ಆರಂಭದಲ್ಲೇ ಮಾಡಿಸುತ್ತಾರೆಯೇ? ಎಷ್ಟು ಗಾಳಿ ಬಂದರೆ ಮಕ್ಕಳನ್ನು ನೀರಿಗಿಳಿಸುವುದಿಲ್ಲ? ಕೊನೆಯ ಪ್ರಶ್ನೆಗೆ ಒಂದು ಅಂಕಿಯ ರೂಪದಲ್ಲಿ ಉತ್ತರ ಬರಬೇಕು; "ನೋಡಿಕೊಳ್ಳುತ್ತೇವೆ" ಎಂಬುದು ಉತ್ತರವಲ್ಲ. ಮಗುವಿಗೆ ಆಸ್ತಮಾ ಇದ್ದರೆ ಇನ್ಹೇಲರನ್ನು ರಕ್ಷಣಾ ದೋಣಿಯಲ್ಲಿಡಲು ಕೊಡಿ. ಮೂರ್ಛೆರೋಗವಿದ್ದರೆ ನಿಮ್ಮ ವೈದ್ಯರ ಅನುಮತಿಯಿಲ್ಲದೆ ಕಳಿಸಬೇಡಿ. ಕನ್ನಡಕಕ್ಕೆ ದಾರ ಕಟ್ಟಿ. ಇಷ್ಟಾದ ಮೇಲೆ ದಡದಲ್ಲಿ ನಿಂತು ನೋಡುವಾಗ ದೋಣಿ ವಾಲಿದರೆ ಕಿರುಚಬೇಡಿ, ತಾಯಿ. ಅದು ಚೆನ್ನಾಗಿ ಓಡುತ್ತಿದೆಯೆಂದು ತಿಳಿಯಿರಿ.

ಇನ್ನೊಂದು ಸಣ್ಣ ಬಿನ್ನಹ. ಈ ವಿದ್ಯೆಯನ್ನು ಮಕ್ಕಳು ಇಂಗ್ಲಿಷಿನಲ್ಲಿ ಕಲಿಯುತ್ತಾರೆ, ಸಂತೋಷ. ಮನೆಗೆ ಬಂದಾಗ ನಮ್ಮ ಮಾತುಗಳನ್ನೂ ಅವರಿಗೆ ಹೇಳಿಕೊಡಿ. ಹಾಯಿ ಎಂಬುದು ಅಚ್ಚ ದ್ರಾವಿಡ ಪದ. ಅದರ ಸೋದರ ಪದವಾದ ತಮಿಳಿನ ‘ಪಾಯ್’ ಎಂಬುದಕ್ಕೆ ಚಾಪೆಯೆಂದೂ ಅರ್ಥವಿದೆ. ಚಾಪೆ ಹೆಣೆದು ಹಾಯಿ ಕಟ್ಟಿದ ಕಾಲವೊಂದು ಆ ಪದದೊಳಗೆ ಅಡಗಿರಬಹುದು. ಚುಕ್ಕಾಣಿ ಎಂಬುದು ಅರಬ್ಬರ ‘ಸುಕ್ಕಾನ್’. ಲಂಗರು ಪಾರಸಿಯಿಂದ ಬಂದದ್ದು. ಮಳೆಗಾಲದ ಮಾರುತದ ಬೆನ್ನೇರಿ ಹೋಗಿಬಂದ ನಾವಿಕರು ಸರಕಿನ ಜೊತೆಗೆ ಮಾತುಗಳನ್ನೂ ನಮ್ಮ ಬಂದರುಗಳಲ್ಲಿ ಇಳಿಸಿದರು. ನೀರಿಗೆ ಹೆದರುವ ಜನ ನಾವೆಂದು ಮಕ್ಕಳು ತಿಳಿಯಬಾರದು; ನಮ್ಮ ನುಡಿಯಲ್ಲೇ ಕಡಲಿನ ಗುರುತು ಇದೆ.

ನಿಮ್ಮ ತಾಳ್ಮೆಯನ್ನೂ ಹಸಿವನ್ನೂ ಸಾಕಷ್ಟು ಪರೀಕ್ಷಿಸಿದ್ದೇವೆ. ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಸಂತೋಷದಿಂದ ಉತ್ತರಿಸುತ್ತೇವೆ.